ರಾಜ ಮಲಗದ ಮಂಚ: ಗೋವಾದ ಸಾಲ್ಸೆಟ್‌ನ ಒಂದು ಹಳೇ ಮನೆ ಹೋಂಸ್ಟೇಯಲ್ಲಿ ಎರಡು ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಊಟಕ್ಕೆ ಪೂರ್ತಿ ಐದು ಕೊಡಬಹುದು, ಮನೆಗೆ ನಾಲ್ಕೂವರೆ, ಬಾತ್‌ರೂಮಿಗೆ ಮೂರು. ಮಿಕ್ಕಿದ್ದನ್ನು ಕಳೆದದ್ದು ಒಬ್ಬ ರಾಜನ ಲೆಕ್ಕದಲ್ಲಿ. ಪಾಪ, ಅವನದ್ದೇನೂ ತಪ್ಪಿಲ್ಲ. ಅವನು ಸತ್ತು ತೊಂಬತ್ತು ವರ್ಷದ ಮೇಲಾಯಿತು.

ನಾವು ವಾಸ್ಕೋದಲ್ಲಿರುವವರು. ಮೂಲ ಧಾರವಾಡ, ಆದರೆ ಹತ್ತೊಂಬತ್ತು ವರ್ಷದಿಂದ ಬಂದರಿನ ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಇಲ್ಲೇ. ಗೋವಾದಲ್ಲೇ ಇದ್ದು ಗೋವಾ ನೋಡದವರು ಅಂದರೆ ನಮ್ಮಂಥವರು. ಊರಿಂದ ಯಾರಾದರೂ ಬಂದರೆ ಮಾತ್ರ ಸುತ್ತಾಟ. ಈ ಸಲ ದಸರಾ ರಜೆಗೆ ಅತ್ತೆ ಮತ್ತು ಭಾವಮೈದುನ ಬಂದಿದ್ದರು. ಮಂಗೇಶಿ ಆಯ್ತು, ಶಾಂತಾದುರ್ಗಾ ಆಯ್ತು. ಬೀಚು ಅತ್ತೆಗೆ ಬೇಡ, "ಅಲ್ಲಿ ಮಂದಿ ಅರಬಿನೇ ಹಾಕ್ಕೊಳ್ಳಂಗಿಲ್ಲ" ಅಂತ ಹಿಂದಿನ ಸಲವೇ ತೀರ್ಪು ಕೊಟ್ಟಿದ್ದಾರೆ. ಹಾಗಾಗಿ ಹೆಂಡತಿ ಮೊಬೈಲಲ್ಲಿ ಹುಡುಕಿ ಹುಡುಕಿ ಈ ಮನೆ ತೋರಿಸಿದಳು. ಮಡಗಾಂವ್‌ನಿಂದ ಒಳಗೆ, ಗದ್ದೆಗಳ ಪಕ್ಕ. ಜಾಹೀರಾತಿನ ಮೊದಲ ಸಾಲೇ ಇದು: ಪೋರ್ಚುಗಲ್‌ನ ಕೊನೆಯ ರಾಜ ಮಲಗಿದ ಮಂಚದಲ್ಲಿ ನೀವೂ ಮಲಗಿ. ಆ ರೂಮಿಗೆ ರಾತ್ರಿಗೆ 4,500, ಪಕ್ಕದ ಮಾಮೂಲಿ ರೂಮಿಗೆ 3,200. ಅಂದರೆ ರಾಜನ ಬೆಲೆ 1,300. ಅತ್ತೆಯನ್ನು ರಾಜನ ಮಂಚದ ಮೇಲೆ ಮಲಗಿಸೋಣ ಅಂತ ತೀರ್ಮಾನವಾಯಿತು.

ಮನೆಯ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ.

ಮನೆ ಮಾತ್ರ ನಿಜಕ್ಕೂ ಹಳೆಯದು. ಮುಂದೆ ಬಲ್ಕಾಂವ್, ಅಂದರೆ ಹೊರಜಗಲಿ, ಅದರ ಎರಡೂ ಬದಿಗೆ ಸಿಮೆಂಟಿನ ಕಟ್ಟೆ, ಕೂತವರ ಬೆನ್ನು ಉಜ್ಜಿ ಉಜ್ಜಿ ನುಣುಪಾಗಿ ಹೋಗಿದೆ. ಕಿಟಕಿಗಳಿಗೆ ಗಾಜಿಲ್ಲ, ಸಮುದ್ರದ ಚಿಪ್ಪನ್ನು ತೆಳ್ಳಗೆ ಚೌಕ ಚೌಕ ಕತ್ತರಿಸಿ ಕೂರಿಸಿದ್ದಾರೆ. ಬೆಳಿಗ್ಗೆ ಏಳು ಗಂಟೆಯ ಬಿಸಿಲು ಅದರ ಮೂಲಕ ಒಳಗೆ ಬಂದಾಗ ಹಾಲಿಗೆ ಸ್ವಲ್ಪ ಅರಿಶಿನ ಹಾಕಿದ ಬಣ್ಣ ಇರುತ್ತದೆ. ನಾನು ಇದನ್ನೇ ನೋಡುತ್ತಾ ಅರ್ಧ ಗಂಟೆ ಹಾಸಿಗೆ ಬಿಟ್ಟೇಳಲಿಲ್ಲ. ಇದೊಂದಕ್ಕೇ ದುಡ್ಡು ಕೊಡಬಹುದು.

ಮನೆ ನಡೆಸುವವರು ಅರವತ್ತರ ಆಸುಪಾಸಿನ ಒಬ್ಬ ಆಂಟಿ. ಗಂಡ ತೀರಿಕೊಂಡಿದ್ದಾರೆ, ಮಕ್ಕಳು ಹೊರದೇಶದಲ್ಲಿ. ಅವರ ಅಣ್ಣ ಒಬ್ಬರು ಎಂಬತ್ತು ದಾಟಿದವರು, ದಿನವಿಡೀ ಬಲ್ಕಾಂವ್‌ನಲ್ಲಿ ಕೂತಿರುತ್ತಾರೆ. ಆಂಟಿ ಮಾತುಗಾರ್ತಿ. ನನಗೆ ಕೊಂಕಣಿ ಬರುತ್ತದೆ ಅಂತ ಗೊತ್ತಾದ ಮೇಲಂತೂ ಕೇಳಲೇಬೇಡಿ. ಹೋದ ಕೂಡಲೇ ಕೋಕಂ ಶರಬತ್ತು ಕೊಟ್ಟು, ಅಡ್ವಾನ್ಸ್ 2,000 ನಗದು ತಗೊಂಡು ನಮ್ಮನ್ನು 'ರಾಜನ ಕೋಣೆ'ಗೆ ಕರೆದುಕೊಂಡು ಹೋದರು.

ಮಂಚ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ಮೂಲೆಗೆ ನಾಲ್ಕು ತಿರುಚಿದ ಕಂಬ, ಮೇಲೆ ಸೊಳ್ಳೆಪರದೆ ಕಟ್ಟುವ ಚೌಕಟ್ಟು, ತಲೆಯ ಕಡೆಯ ಹಲಗೆಯಲ್ಲಿ ಕೆತ್ತಿದ ಕಿರೀಟ. ಕಿರೀಟದ ಬಲಗಡೆ ಯಾರೋ ಬಿಂದಿ ಅಂಟಿಸಿ ಕಿತ್ತ ಅಂಟಿನ ಗುರುತು. ಒಂದು ಕಾಲಿನ ಕೆಳಗೆ ಮಡಚಿದ ರಟ್ಟು. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಕಿಸಿದ ಬೋರ್ಡು: ರಾಜ ಎರಡನೇ ಮ್ಯಾನುವೆಲ್ 1909ರಲ್ಲಿ ಗೋವಾಕ್ಕೆ ಬಂದಾಗ ಈ ಮಂಚದಲ್ಲಿ ವಿಶ್ರಾಂತಿ ಪಡೆದರು. ಅದರ ಪಕ್ಕ ಕಟ್ಟು ಹಾಕಿದ ಫೋಟೋ. ದಪ್ಪ ಕತ್ತು, ದಪ್ಪ ಮೀಸೆ, ಎದೆ ತುಂಬ ಪದಕ, ವಯಸ್ಸು ನಲವತ್ತರ ಮೇಲೆ.

ಅತ್ತೆ ಮಂಚದ ಮೇಲೆ ಕೂತು ಒಂದು ಸಲ ಅಳೆದು ನೋಡಿದರು. "ಅಳಿಯಂದ್ರ, ಇಷ್ಟು ಸಣ್ಣ ಮಂಚದಾಗ ಇಷ್ಟು ದೊಡ್ಡ ಮನಷ್ಯಾ ಹೆಂಗ ಮಲಗಿದ್ನ್ರೀ?"

ಪ್ರಶ್ನೆ ಸರಿಯಾಗಿತ್ತು. ನನಗೂ ಆ ಫೋಟೋ ನೋಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತ್ತು. ಯಾಕೆಂದರೆ ಮ್ಯಾನುವೆಲ್ ನನಗೆ ಎಂಟನೇ ಕ್ಲಾಸಿನಿಂದ ಪರಿಚಯ. ನಮ್ಮ ಸೋದರಮಾವ ಹುಬ್ಬಳ್ಳಿ ರೈಲ್ವೆಯಲ್ಲಿದ್ದರು, ಅವರು ಕೊಟ್ಟ ಸ್ಟಾಂಪ್ ಆಲ್ಬಂ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿ ಪೋರ್ಚುಗಲ್‌ನ 1910ರ ಒಂದು ಸ್ಟಾಂಪು. ಕಾಲೇಜು ಹುಡುಗನಂಥ ಎಳೆ ಮುಖ, ಅದರ ಮೇಲೇ ಅಡ್ಡಾದಿಡ್ಡಿ ಒತ್ತಿದ ಒಂದು ಪದ: ರಿಪಬ್ಲಿಕಾ. ಸ್ಟಾಂಪು ಅಚ್ಚಾಗಿ ಆರು ತಿಂಗಳಲ್ಲೇ ರಾಜ ಓಡಿಹೋಗಿದ್ದ, ಹೊಸ ಸರ್ಕಾರ ಬಂದಿತ್ತು. ಕಾಗದ ಯಾಕೆ ಹಾಳು ಮಾಡುವುದು ಅಂತ ಅದೇ ಸ್ಟಾಂಪುಗಳ ಮೇಲೆ 'ಗಣರಾಜ್ಯ' ಅಂತ ಒತ್ತಿ ಮಾರಿದರು. ನಮ್ಮ ಕಡೆ ಹಳೇ ಅಂಗಡಿಯ ಬೋರ್ಡಿನ ಮೇಲೆ ಹೊಸ ಮಾಲೀಕನ ಹೆಸರು ಬರೆಸಿದ ಹಾಗೆ. ಆ ಮುಖ ಮರೆಯುವುದಿಲ್ಲ. ಗೋಡೆ ಮೇಲಿದ್ದವನು ಅವನಲ್ಲ, ಅವನ ಅಪ್ಪ ಕಾರ್ಲೋಸ್.

ಇನ್ನು 1909ರಲ್ಲಿ ಗೋವಾಕ್ಕೆ ಬಂದ ಕಥೆ. ಗೋವಾ 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅದರಲ್ಲಿ ನಾನೂರು ವರ್ಷ ರಾಜರ ಕಾಲ. ಅಷ್ಟರಲ್ಲಿ ಪಟ್ಟದಲ್ಲಿದ್ದ ಒಬ್ಬೇ ಒಬ್ಬ ರಾಜನೂ ಇಲ್ಲಿಗೆ ಕಾಲಿಟ್ಟಿಲ್ಲ. ವೈಸ್‌ರಾಯ್‌ಗಳು ಬಂದರು, ಗವರ್ನರುಗಳು ಬಂದರು, ರಾಜ ಬರಲಿಲ್ಲ.

ಆ ಸಂಜೆ ಏಳೂವರೆಗೆ ಕರೆಂಟು ಹೋಯಿತು. ಜನರೇಟರ್ ಇದೆ ಅಂತ ಜಾಹೀರಾತಿನಲ್ಲಿದೆ. ಇದೆ, ಆದರೆ ಡೀಸೆಲ್ ಇರಲಿಲ್ಲ. ಎರಡು ಗಂಟೆ ಕತ್ತಲು. ಅತ್ತೆ ಮಂಚದ ಮೇಲೆ, ನಾವೆಲ್ಲ ಕೆಳಗೆ ಚಾಪೆ ಮೇಲೆ. ಭಾವಮೈದುನ ಚಪ್ಪಲಿ ಹುಡುಕಲು ಮೊಬೈಲ್ ಟಾರ್ಚ್ ಹಿಡಿದು ಮಂಚದ ಕೆಳಗೆ ಬಗ್ಗಿದವನು ಅಲ್ಲೇ ನಗಲು ಶುರು ಮಾಡಿದ. ಅಡಿ ಹಲಗೆಗೆ ಸೀಮೆಸುಣ್ಣದಲ್ಲಿ ಬರೆದಿತ್ತು: 114. ಅದರ ಪಕ್ಕ 18,500. ಹಳೇ ಸಾಮಾನಿನ ಅಂಗಡಿಯ ನಂಬರು ಮತ್ತು ರೇಟು.

"ಹಂಗಾರ ರಾಜನ ಕತಿ ಏನು?" ಅಂದರು ಅತ್ತೆ. ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ಟಿವಿ ಇಲ್ಲ. ಹೇಳಿದೆ. ಇಲ್ಲೂ ಹೇಳುತ್ತೇನೆ, ಯಾಕೆಂದರೆ ಈ ಹೋಂಸ್ಟೇಗೆ ನಾನು ಕೊಟ್ಟ ದುಡ್ಡಿನಲ್ಲಿ ಅತಿ ಚೆನ್ನಾಗಿ ಕಳೆದ ಎರಡು ಗಂಟೆ ಅದೇ.

ಮ್ಯಾನುವೆಲ್ ಎರಡನೇ ಮಗ, ಹುಟ್ಟಿದ್ದು 1889ರಲ್ಲಿ. ಪಟ್ಟ ಅಣ್ಣನಿಗೆ ಅಂತ ಮೊದಲೇ ಗೊತ್ತಿತ್ತು, ಆದ್ದರಿಂದ ಇವನು ನೌಕಾಪಡೆ ಸೇರುವ ಓದಿನಲ್ಲಿದ್ದ. 1908ರ ಫೆಬ್ರವರಿ 1. ರಾಜನ ಸಂಸಾರ ವಿಲಾ ವಿಸೋಝಾ ಎಂಬ ಊರಿನ ಅರಮನೆಯಿಂದ ಲಿಸ್ಬನ್‌ಗೆ ವಾಪಸ್ ಬರುತ್ತಿತ್ತು. ನದಿ ದಾಟಿ, ದಡದ ದೊಡ್ಡ ಚೌಕದಲ್ಲಿ ಸಾರೋಟು ಹತ್ತಿದರು. ಮೇಲೆ ಮುಚ್ಚಿಗೆ ಇಲ್ಲದ ಸಾರೋಟು. ಜನರ ನಡುವಿನಿಂದ ಬಂದೂಕು ಹಿಡಿದವರು ನುಗ್ಗಿದರು. ಅಪ್ಪ ಅಲ್ಲೇ ಸತ್ತ. ಅಣ್ಣ ಲೂಯಿಸ್ ಫಿಲಿಪ್, ಇಪ್ಪತ್ತು ವರ್ಷದವನು, ಸ್ವಲ್ಪ ಹೊತ್ತಿನಲ್ಲಿ ಸತ್ತ. ಮ್ಯಾನುವೆಲ್ ಕೈಗೆ ಗುಂಡು ತಾಗಿತು. ತಾಯಿ ಅಮೆಲಿ ಎದ್ದು ನಿಂತು, ಕೈಯಲ್ಲಿ ಇದ್ದದ್ದು ಯಾರೋ ಕೊಟ್ಟ ಹೂಗುಚ್ಛ ಒಂದೇ, ಅದರಿಂದಲೇ ಕೊಲೆಗಾರನಿಗೆ ಹೊಡೆದಳು.

ಇಲ್ಲಿ ಅತ್ತೆ "ಅಯ್ಯ ಶಿವನೇ" ಅಂದರು. ಆಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಹದಿನೆಂಟು ವರ್ಷಕ್ಕೆ ರಾಜ. ಆಳಿದ್ದು ಎರಡೂ ಮುಕ್ಕಾಲು ವರ್ಷ ಇಲ್ಲ. ಅಷ್ಟರಲ್ಲಿ ಮಂತ್ರಿಮಂಡಲಗಳು ಒಂದರ ಹಿಂದೆ ಒಂದು ಬಿದ್ದವು. 1910ರ ಅಕ್ಟೋಬರ್ 3ರ ರಾತ್ರಿ ಬ್ರೆಜಿಲ್‌ನಲ್ಲಿ ಹೊಸದಾಗಿ ಗೆದ್ದ ಅಧ್ಯಕ್ಷ ಲಿಸ್ಬನ್‌ಗೆ ಬಂದಿದ್ದ, ಅವನ ಜೊತೆ ಊಟ. ಊಟ ಮುಗಿಸಿ ಅರಮನೆಗೆ ಬಂದು ಇಸ್ಪೀಟು ಆಡುತ್ತಾ ಕೂತಿದ್ದಾಗ ದಂಗೆ ಶುರು. ಮರುದಿನ ಅವನದೇ ನೌಕಾಪಡೆಯ ಹಡಗುಗಳು ಅವನ ಅರಮನೆಯ ಮೇಲೆ ಗುಂಡು ಹಾರಿಸಿದವು. ಅವನು ಮಾಫ್ರಾ ಎಂಬ ಊರಿಗೆ ಹೋದ. 5ನೇ ತಾರೀಕು ಲಿಸ್ಬನ್‌ನಲ್ಲಿ ಗಣರಾಜ್ಯ ಅಂತ ಸಾರಿದರು. ಆ ಮಧ್ಯಾಹ್ನ ಎರಿಸೈರಾ ಎಂಬ ಮೀನುಗಾರರ ಊರಿನ ದಡದಿಂದ ರಾಜ, ಅವನ ತಾಯಿ, ಅಜ್ಜಿ ಮೀನುದೋಣಿ ಹತ್ತಿ ನೀರಿನಲ್ಲಿ ನಿಂತಿದ್ದ ತಮ್ಮ ಹಡಗಿಗೆ ಹೋದರು. ಹಡಗಿನ ಹೆಸರೂ ಅಮೆಲಿಯಾ. ಉತ್ತರಕ್ಕೆ ಪೋರ್ಟೋ ನಗರಕ್ಕೆ ಹೋಗಿ ಅಲ್ಲಿಂದ ಹೋರಾಡೋಣ ಅಂತ ಅವನ ಮನಸ್ಸು. ಹಡಗಿನ ಅಧಿಕಾರಿಗಳು ಒಪ್ಪಲಿಲ್ಲ. ಜಿಬ್ರಾಲ್ಟರ್ ಕಡೆ ತಿರುಗಿಸಿದರು. ನಾನು ಪೋರ್ಚುಗೀಸ್, ಕೊನೆಯವರೆಗೂ ಹಾಗೇ ಇರುತ್ತೇನೆ ಅಂತ ಪ್ರಧಾನಿಗೆ ಒಂದು ಪತ್ರ ಬರೆದಿಟ್ಟು ಹೊರಟ. ಆಗ ಅವನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಬದುಕಿರುವಾಗ ಆ ನೆಲ ಮತ್ತೆ ಮೆಟ್ಟಲಿಲ್ಲ.

ನಾನು ದಿನಾ ಬಂದರಿನಲ್ಲಿ ಹಡಗು ನೋಡುವವನು. ದಡ ಬಿಟ್ಟ ಹಡಗು ಎಷ್ಟು ಬೇಗ ಸಣ್ಣದಾಗುತ್ತದೆ ಅಂತ ಗೊತ್ತು. ಹಡಗಿನಿಂದ ನೋಡಿದರೆ ದಡವೂ ಹಾಗೇ ಕಾಣಬೇಕು ಅಲ್ವಾ.

ಇಂಗ್ಲೆಂಡಿನಲ್ಲಿ ಅವನು ಕೊನೆಗೆ ನೆಲೆ ನಿಂತದ್ದು ಲಂಡನ್ ಪಕ್ಕದ ಟ್ವಿಕನಂನಲ್ಲಿ, ಫುಲ್ವೆಲ್ ಪಾರ್ಕ್ ಎಂಬ ಮನೆಯಲ್ಲಿ. ಇಲ್ಲೊಂದು ತಮಾಷೆ ಇದೆ, ತಮಾಷೆ ಅನ್ನಬೇಕೋ ಏನೋ. ಅವನ ತಾಯಿ ಅಮೆಲಿ ಹುಟ್ಟಿದ್ದೂ ಅದೇ ಟ್ವಿಕನಂನಲ್ಲಿ, 1865ರಲ್ಲಿ. ಯಾಕೆಂದರೆ ಅವಳ ತವರು ಫ್ರಾನ್ಸ್‌ನ ರಾಜಮನೆತನ, ಅವರೂ ಆಗ ಗದ್ದುಗೆ ಕಳೆದುಕೊಂಡು ಅಲ್ಲಿ ಬಂದು ಕೂತಿದ್ದರು. ಗಡೀಪಾರಿನಲ್ಲಿ ಹುಟ್ಟಿ, ರಾಣಿಯಾಗಿ, ಗಂಡನನ್ನೂ ಹಿರಿಮಗನನ್ನೂ ಕಣ್ಣ ಮುಂದೆ ಕಳೆದುಕೊಂಡು, ಕಿರಿಮಗನ ಜೊತೆ ಮತ್ತೆ ಗಡೀಪಾರಿಗೆ ಬಂದಳು. ಅವಳು ಹುಟ್ಟಿದ ಯಾರ್ಕ್ ಹೌಸ್ ಅನ್ನು ಆಮೇಲೆ ಕೊಂಡವರು ಯಾರು ಗೊತ್ತಾ? ನಮ್ಮ ಮುಂಬೈನ ಸರ್ ರತನ್ ಟಾಟಾ, ಜಮ್ಶೆಟ್‌ಜಿಯವರ ಕಿರಿಮಗ. 1906ರಲ್ಲಿ, ಅಮೆಲಿಯ ತಮ್ಮನ ಕೈಯಿಂದಲೇ. ಟಾಟಾ ಹೆಸರು ಬಂದ ಕೂಡಲೇ ಭಾವಮೈದುನ ಎದ್ದು ಕೂತ. ಅಲ್ಲಿಯವರೆಗೆ ಅವನು ನಿದ್ದೆ ಮಾಡುತ್ತಿದ್ದ ಅಂತ ನನ್ನ ಅನುಮಾನ.

ಪಟ್ಟ ಹೋದ ರಾಜ ದಿನಾ ಏನು ಮಾಡುತ್ತಾನೆ? ಇದು ನನ್ನ ಹೆಂಡತಿಯ ಪ್ರಶ್ನೆ, ಒಳ್ಳೆಯ ಪ್ರಶ್ನೆ. 1913ರಲ್ಲಿ ಜರ್ಮನಿಯ ಒಬ್ಬ ರಾಜಕುಮಾರಿಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಅವನ ಹೆಸರು ಹೇಳಿಕೊಂಡು ಊರಲ್ಲಿ ಬೇರೆಯವರು ಬಡಿದಾಡುತ್ತಿದ್ದರು. 1911ರಲ್ಲಿ, 1912ರಲ್ಲಿ ಗಡಿ ದಾಟಿ ನುಗ್ಗಿ ಸೋತರು. 1919ರಲ್ಲಿ ಪೋರ್ಟೋ ನಗರ ಹಿಡಿದು, ರಾಜ ವಾಪಸ್ ಬಂದ ಅಂತ ಬಾವುಟ ಏರಿಸಿ, ಒಂದು ತಿಂಗಳೂ ಪೂರ್ತಿ ಉಳಿಸಿಕೊಳ್ಳಲಿಲ್ಲ. ರಾಜ ಅಲ್ಲಿರಲೇ ಇಲ್ಲ, ಟ್ವಿಕನಂನಲ್ಲಿದ್ದ. ನನ್ನ ಹೆಸರಲ್ಲಿ ಗಲಾಟೆ ಬೇಡ ಅಂತ ಅವನು ಹೇಳುತ್ತಲೇ ಬಂದ. ಮೊದಲ ಮಹಾಯುದ್ಧದಲ್ಲಂತೂ, ತನ್ನನ್ನು ಓಡಿಸಿದ ಗಣರಾಜ್ಯವೇ ಆದರೂ ಈಗ ದೇಶದ ಜೊತೆ ನಿಲ್ಲಿ ಅಂತ ತನ್ನವರಿಗೆ ಹೇಳಿದ. ತನಗೂ ಯುದ್ಧದಲ್ಲಿ ಏನಾದರೂ ಕೆಲಸ ಕೊಡಿ ಅಂತ ಬ್ರಿಟಿಷರನ್ನು ಕೇಳಿದ. ಅವರು ರೆಡ್‌ಕ್ರಾಸ್‌ಗೆ ಹಾಕಿದರು. ಮೊದಲು ಬೇಜಾರಾಯಿತಂತೆ. ಆಮೇಲೆ ಅದರಲ್ಲೇ ಮುಳುಗಿದ. ಆಸ್ಪತ್ರೆಗಳಿಗೆ ಹೋದ, ದುಡ್ಡು ಕೂಡಿಸಿದ. ಕೈಕಾಲು ಹೋದ ಸೈನಿಕರಿಗೆ ಅಂತ ಲಂಡನ್‌ನ ಶೆಫರ್ಡ್ಸ್ ಬುಷ್ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ನಿಂತದ್ದು ಇವನ ಹಟದಿಂದ.

ಇಲ್ಲೊಂದು ಅಡ್ಡ ಮಾತು. ಈ ಮನೆತನದಲ್ಲಿ ಗಡೀಪಾರಾದವನು ಇವನೇ ಮೊದಲಲ್ಲ. 1834ರ ಮೇ ತಿಂಗಳಲ್ಲಿ ಮಿಗೆಲ್ ಎಂಬ ರಾಜ ಅಣ್ಣನ ಮಗಳ ಜೊತೆಗಿನ ಪಟ್ಟದ ಜಗಳದಲ್ಲಿ ಸೋತು ದೇಶ ಬಿಟ್ಟ, ಜರ್ಮನಿಯಲ್ಲಿ ಸತ್ತ. ಅವನ ವಂಶದವರು ಪೋರ್ಚುಗಲ್‌ಗೆ ಕಾಲಿಡಬಾರದು ಅಂತ ಕಾನೂನೇ ಆಯಿತು. ಮ್ಯಾನುವೆಲ್‌ಗೆ ಮಕ್ಕಳಿಲ್ಲದೆ ಹೋದಾಗ ಪಟ್ಟದ ಹಕ್ಕು ಅದೇ ಮಿಗೆಲ್‌ನ ಮೊಮ್ಮಗ ದುವಾರ್ತೆ ನೂನೋ ಕಡೆ ಹೋಯಿತು. ಆ ಮನೆಯಲ್ಲಿ 1945ರಲ್ಲಿ ಗಂಡುಮಗು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಪೋರ್ಚುಗಲ್ ರಾಯಭಾರ ಕಚೇರಿಯಲ್ಲಿ, ತಾಯ್ನೆಲದಲ್ಲೇ ಹುಟ್ಟಿದ ಹಾಗೆ ಲೆಕ್ಕವಾಗಲಿ ಅಂತ. ಕಾನೂನು ತೆಗೆದದ್ದು 1950ರಲ್ಲಿ. ಈಗ ಕನ್ನಡದವರು 1834 ಅಂದ ಕೂಡಲೇ ಏನು ನೆನಪಾಗಬೇಕು ಹೇಳಿ? ಕೊಡಗು. ಅದೇ ವರ್ಷ, ಅದಕ್ಕೂ ಒಂದು ತಿಂಗಳು ಮುಂಚೆ, ಚಿಕ್ಕ ವೀರರಾಜೇಂದ್ರನನ್ನು ಕಂಪನಿ ಸರ್ಕಾರ ಇಳಿಸಿ ಕಾಶಿಗೆ ಕಳಿಸಿತು. ಅವನು 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್‌ಗೆ ಹೋದ, ತನ್ನ ದುಡ್ಡಿಗಾಗಿ ಕೋರ್ಟು ಹತ್ತಿದ, 1859ರಲ್ಲಿ ಅಲ್ಲೇ ಸತ್ತ. ಮಡಿಕೇರಿಗೆ ವಾಪಸ್ ಬರಲಿಲ್ಲ. ಅತ್ತೆಗೆ ಈ ಕಥೆ ಗೊತ್ತಿತ್ತು. "ಆಕಿ ಸಣ್ಣ ಹುಡುಗಿ, ರಾಣಿ ಸಾಕಿದ್ಲಲ್ಲ" ಅಂದರು. ವಿಕ್ಟೋರಿಯಾ ರಾಣಿ ಅವಳಿಗೆ ಧರ್ಮತಾಯಿಯಾದದ್ದು ನಿಜ.

ಮ್ಯಾನುವೆಲ್ ಬಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಪುಸ್ತಕದ್ದು. ದೇಶಕ್ಕೆ ಹೋಗುವ ಹಾಗಿಲ್ಲ, ಸರಿ, ದೇಶವನ್ನೇ ಮನೆಗೆ ತರಿಸಿಕೊಂಡ. ಹಳೇ ಪೋರ್ಚುಗೀಸ್ ಪುಸ್ತಕಗಳನ್ನು ಹುಡುಕಿ ಹುಡುಕಿ ಕೊಂಡ. ಸುಮ್ನೆ ಕಪಾಟಿನಲ್ಲಿ ಜೋಡಿಸಲಿಲ್ಲ, ಕೂತು ಓದಿದ. 1489ರಿಂದ 1600ರವರೆಗೆ ಅಚ್ಚಾದ ತನ್ನ ಸಂಗ್ರಹದ ಪುಸ್ತಕಗಳ ಬಗ್ಗೆ ಪೋರ್ಚುಗೀಸ್ ಮತ್ತು ಇಂಗ್ಲಿಷ್ ಎರಡರಲ್ಲೂ ದಪ್ಪ ದಪ್ಪ ಸಂಪುಟ ಬರೆದ. ಮೊದಲನೆಯದು 1929ರಲ್ಲಿ ಬಂತು, ಎರಡನೆಯದು 1932ರಲ್ಲಿ. ಮೂರನೆಯದು 1935ರಲ್ಲಿ, ಅವನು ಹೋದ ಮೇಲೆ. ಗುಮಾಸ್ತನ ಹಾಗೆ ಕೂತು ಪುಟ ಎಣಿಸಿ, ಅಳತೆ ಬರೆದುಕೊಳ್ಳುವ ರಾಜ! ನನಗೆ ಅವನು ರಾಜನಾಗಿ ಇಷ್ಟವಾಗುವುದಕ್ಕಿಂತ ಹೀಗೆ ಇಷ್ಟವಾಗುತ್ತಾನೆ. ಸ್ಟಾಂಪು ಅಂಟಿಸುವವರಿಗೆ ಇದು ಅರ್ಥವಾಗುತ್ತದೆ.

1932ರ ಜುಲೈ 2. ಗಂಟಲು ಊದಿಕೊಂಡು ಉಸಿರು ಕಟ್ಟಿ ಸತ್ತ. ನಲವತ್ತೆರಡು ವರ್ಷ. ಮೂರು ದಿನಕ್ಕೆ ಲಿಸ್ಬನ್‌ನಲ್ಲಿ ಸಾಲಾಜಾರ್ ಪ್ರಧಾನಿಯಾದ. ನಮ್ಮ ಗೋವಾವನ್ನು ಕೊನೆಯವರೆಗೆ ಬಿಡಲೊಲ್ಲದ ಅದೇ ಸಾಲಾಜಾರ್. ಅವನ ಸರ್ಕಾರ ಹೆಣಕ್ಕೆ ಸಕಲ ಮರ್ಯಾದೆ ಕೊಟ್ಟಿತು. ಬ್ರಿಟಿಷ್ ಯುದ್ಧನೌಕೆಯಲ್ಲಿ ಆಗಸ್ಟ್ 2ಕ್ಕೆ ಲಿಸ್ಬನ್‌ಗೆ ತಂದು, ಅಪ್ಪ ಅಣ್ಣನ ಹತ್ತಿರ ಇಟ್ಟರು. ಫುಲ್ವೆಲ್ ಪಾರ್ಕ್ ಮನೆಯನ್ನು ಕೆಡವಿ ಅಲ್ಲಿ ಸಾಲುಮನೆ ಕಟ್ಟಿದರು. ಈಗ ಆ ಬಡಾವಣೆಯಲ್ಲಿ ಮನೋಯೆಲ್ ರೋಡ್, ಲಿಸ್ಬನ್ ಅವೆನ್ಯೂ, ಪೋರ್ಚುಗಲ್ ಗಾರ್ಡನ್ಸ್ ಅಂತ ರಸ್ತೆಗಳಿವೆ.

ಅಷ್ಟೊತ್ತಿಗೆ ಕರೆಂಟು ಬಂತು. ಊಟಕ್ಕೆ ಕರೆದರು.

ಊಟದ ಬಗ್ಗೆ ಜಾಸ್ತಿ ಹೇಳಲೇಬೇಕು. ನಾವು ಮೀನು ಮಾಂಸ ಏನೂ ತಿನ್ನುವುದಿಲ್ಲ. ಇಂಥ ಮನೆಗಳಲ್ಲಿ ಸಸ್ಯಾಹಾರ ಅಂದರೆ ಸಾಮಾನ್ಯವಾಗಿ ಒಂದು ಪನೀರು, ಮೇಲೊಂದು ಕೈತೊಳೆದ ಮುಖ. ಈ ಆಂಟಿ ಬೇರೆ ಪಾತ್ರೆ ತೆಗೆದು ಅಲಸಂದೆ ಕಾಳಿನ ತೊಣಕ್ ಮಾಡಿದ್ದರು, ತೆಂಗಿನಕಾಯಿ ಹುರಿದು ರುಬ್ಬಿದ್ದು. ಜೊತೆಗೆ ಇಡ್ಲಿಯಂಥ ಸಾನ್ನಾಂ, ಸೋಲ್‌ಕಡಿ, ಬೆಂಡೆಕಾಯಿ ಪಲ್ಯ. ಅತ್ತೆ ತೊಣಕ್ ಮೂರು ಸಲ ಹಾಕಿಸಿಕೊಂಡರು. ಕೊನೆಗೆ ಸಿಹಿಗೆ ಬೆಬಿಂಕಾ. ಅದರಲ್ಲಿ ಮೊಟ್ಟೆ ಇದೆ ಅಂತ ಆಂಟಿ ತಾವಾಗಿಯೇ ಹೇಳಿ, ಅತ್ತೆಗೆ ಬೇರೆ ದೊದೋಲ್ ಕೊಟ್ಟರು. ಎಷ್ಟು ಹೋಟೆಲಿನವರು ಹೀಗೆ ಹೇಳುತ್ತಾರೆ? ಬೆಳಿಗ್ಗೆ ಪೊದೇರ್, ಅಂದರೆ ಬ್ರೆಡ್ ಮಾರುವವನು, ಸೈಕಲ್ಲಿನ ಹಾರ್ನ್ ಒತ್ತುತ್ತಾ ಬಂದು ಬಿಸಿ ಪೊಯಿ ಬ್ರೆಡ್ ಕೊಟ್ಟು ಹೋದ. ಪೊಯಿ, ಬೆಣ್ಣೆ, ಚಹ. ಮುಗೀತು.

ಎರಡನೇ ದಿನ ಬೆಳಿಗ್ಗೆ ಬಲ್ಕಾಂವ್‌ನಲ್ಲಿ ಆಂಟಿಯ ಅಣ್ಣನ ಪಕ್ಕ ಕೂತೆ. ಮಂಚದ ಮಾತು ತೆಗೆದೆ. ಅಜ್ಜ ರಸ್ತೆ ನೋಡುತ್ತಲೇ ಹೇಳಿದರು, "ಅದಾ, ಆರು ವರ್ಷದ ಹಿಂದೆ ಟೆಂಪೋದಲ್ಲಿ ಬಂತು." ಆಮೇಲೆ ಸ್ವಲ್ಪ ತಡೆದು, "ರಾಜ ಬರಲಿಲ್ಲ. ರಾಜನ ಚಿಕ್ಕಪ್ಪ ಬಂದಿದ್ದ" ಅಂದರು.

ಅದು ನಿಜ! ಕಾರ್ಲೋಸ್‌ನ ತಮ್ಮ ಅಫೊನ್ಸೋ. 1895ರಲ್ಲಿ ಇಲ್ಲಿ ಸೈನಿಕರು ದಂಗೆ ಎದ್ದು, ಸತ್ತರಿ ಕಡೆಯ ರಾಣೆ ಮನೆತನದವರೂ ಸೇರಿಕೊಂಡಾಗ, ಅದನ್ನು ಅಡಗಿಸಲು ಲಿಸ್ಬನ್‌ನಿಂದ ಸೈನ್ಯದ ಜೊತೆ ಬಂದವನು ಇವನು. ವೈಸ್‌ರಾಯ್ ಪದವಿಯೂ ಸಿಕ್ಕಿತು. ವಾಪಸ್ ಹೋದ ಮೇಲೆ ಅವನಿಗೆ ಮೋಟಾರುಗಾಡಿಯ ಹುಚ್ಚು ಹಿಡಿಯಿತು. ಲಿಸ್ಬನ್ ಬೀದಿಗಳಲ್ಲಿ ಜೋರಾಗಿ ಗಾಡಿ ಓಡಿಸುತ್ತಾ ಜನರಿಗೆ "ಅರೇದಾ, ಅರೇದಾ" ಅಂತ ಕೂಗುತ್ತಿದ್ದನಂತೆ, ಅಂದರೆ "ಸರೀರಿ, ಸರೀರಿ". ಊರವರು ಅವನಿಗೆ ಅದೇ ಅಡ್ಡಹೆಸರು ಇಟ್ಟರು. 1910ರಲ್ಲಿ ಅವನಿಗೂ ಸರಿಯಬೇಕಾಯಿತು. ಇಟಲಿಯಲ್ಲಿ ಉಳಿದು, 1920ರಲ್ಲಿ ನೇಪಲ್ಸ್‌ನಲ್ಲಿ ಸತ್ತ.

ಮಧ್ಯಾಹ್ನ ಚಾಂದೋರ್‌ಗೆ ಹೋಗಿಬಂದೆವು, ಹತ್ತಿರವೇ. ಹೋಗುವವರು ತಪ್ಪಿಸಬೇಡಿ. ಅಲ್ಲಿ ಬ್ರಗಾಂಜಾ ಮನೆ ಇದೆ, ಊರ ಚೌಕದ ಒಂದು ಬದಿಯಷ್ಟು ಉದ್ದ. ಬ್ರಗಾಂಜಾ ಅಂದರೆ ಪೋರ್ಚುಗಲ್ ರಾಜಮನೆತನದ್ದೇ ಹೆಸರು, ಮತಾಂತರವಾದಾಗ ಇಲ್ಲಿಯವರಿಗೆ ಬಂದದ್ದು. ಅದೇ ಮನೆಯ ಒಂದು ಭಾಗದಲ್ಲಿ ದೊಡ್ಡ ಪುಸ್ತಕ ಸಂಗ್ರಹ ಬಿಟ್ಟುಹೋದವರು ಪತ್ರಕರ್ತ ಲೂಯಿಸ್ ದ ಮೆನೆಜಿಸ್ ಬ್ರಗಾಂಜಾ. ಹೆಸರಿನಲ್ಲಿ ರಾಜ, ಬರಹದಲ್ಲಿ ಪಕ್ಕಾ ಗಣರಾಜ್ಯವಾದಿ. ಪಣಜಿಯ ಒಂದು ಸಾಂಸ್ಕೃತಿಕ ಸಂಸ್ಥೆಗೆ ಅವರ ಹೆಸರೇ ಇದೆ. ಇನ್ನೊಂದು ಭಾಗದ ನಾಚುವ ಹಾಲ್‌ನಲ್ಲಿ ಎತ್ತರ ಬೆನ್ನಿನ ಎರಡು ಕುರ್ಚಿಗಳಿವೆ, ರಾಜ ಡೋಮ್ ಲೂಯಿಸ್ ಕೊಟ್ಟ ಉಡುಗೊರೆ ಅಂತ. ಲೂಯಿಸ್ ಅಂದರೆ ನಮ್ಮ ಮ್ಯಾನುವೆಲ್‌ನ ಅಜ್ಜ. ನೋಡಿ, ರಾಜ ಬರಲಿಲ್ಲ, ಕುರ್ಚಿ ಕಳಿಸಿದ. ಅವರು ಅದನ್ನು ಕುರ್ಚಿ ಅಂತಲೇ ತೋರಿಸುತ್ತಾರೆ, ಇದರಲ್ಲಿ ರಾಜ ಕೂತಿದ್ದ ಅನ್ನುವುದಿಲ್ಲ. ಅಂದ ಹಾಗೆ ಈ ಚಾಂದೋರ್ ಒಂದು ಕಾಲಕ್ಕೆ ಚಂದ್ರಪುರ, ಗೋವಾ ಕದಂಬರ ರಾಜಧಾನಿ. ಭಾವಮೈದುನ ಅಲ್ಲಿಂದ ವಾಪಸ್ ಬರುವಾಗ ಗೋವಾ ಸರ್ಕಾರದ ಕದಂಬ ಬಸ್ಸಿಗೆ ಒಂದು ನಮಸ್ಕಾರ ಹಾಕಿದ.

ಗೋವಾದಲ್ಲಿ ಇಂಥ ತಪ್ಪು ಬೋರ್ಡಿನ ಕಥೆಗಳಿಗೆ ಬರವಿಲ್ಲ. ಪಣಜಿಯ ಫೊಂಟೇನ್ಹಾಸ್‌ನಲ್ಲಿ 31 ಜನವರಿ ರಸ್ತೆ ಇದೆ. ಪೋರ್ಚುಗಲ್ 1640ರಲ್ಲಿ ಸ್ಪೇನ್‌ನಿಂದ ಬಿಡಿಸಿಕೊಂಡ ದಿನ ಅಂತ ಗೈಡುಗಳು ಉರು ಹೊಡೆದು ಹೇಳುತ್ತಾರೆ. ಆ ದಿನ ಡಿಸೆಂಬರ್ 1. ಪೋರ್ಚುಗಲ್‌ನಲ್ಲಿ ಜನವರಿ 31ರ ಹೆಸರಿನ ರಸ್ತೆಗಳು ಇರುವುದು 1891ರಲ್ಲಿ ಪೋರ್ಟೋದಲ್ಲಿ ಗಣರಾಜ್ಯ ಬೇಕು ಅಂತ ಎದ್ದ ಮೊದಲ ದಂಗೆಯ ನೆನಪಿಗೆ.

ಹೊರಡುವಾಗ ಬಿಲ್ ಕೊಡುತ್ತಾ ಆಂಟಿಗೆ ಮೆತ್ತಗೆ ಎಲ್ಲ ಹೇಳಿದೆ. ಫೋಟೋ ಅಪ್ಪನದ್ದು, ರಾಜ ಬರಲೇ ಇಲ್ಲ, ಮಂಚದ ಕೆಳಗೆ ರೇಟು ಇದೆ. ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. "ಬಾಬಾ, ಜನ ಕಥೆ ಕೇಳುತ್ತಾರೆ, ನಾನೇನು ಮಾಡಲಿ?" ಅಂದರು. ನಿಜವಾದ ಕಥೆ ಇದಕ್ಕಿಂತ ಚೆನ್ನಾಗಿದೆ ಅಂದೆ. ಹೂಗುಚ್ಛ, ಮೀನುದೋಣಿ, ಟ್ವಿಕನಂ, ಪುಸ್ತಕ. ಅವರು ಲೆಕ್ಕದ ಪುಸ್ತಕದ ಹಿಂದಿನ ಪುಟ ಹರಿದುಕೊಟ್ಟು ಬರೆದುಕೊಡು ಅಂದರು. ಬರೆದುಕೊಟ್ಟೆ. ಚಿಕ್ಕಪ್ಪ ಬಂದದ್ದನ್ನೂ ಬರೆದೆ. ಬಿಲ್ಲಿನಲ್ಲಿ 200 ಬಿಟ್ಟರು.

ಹೋಗುವವರಿಗೆ ಉಳಿದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಾತ್‌ರೂಮಿನಲ್ಲಿ ಬಿಸಿನೀರು ಏಳರಿಂದ ಒಂಬತ್ತು ಮಾತ್ರ, ನಲ್ಲಿ ತಿರುಗಿಸಿದರೆ ರೈಲಿನಂತೆ ಕೂಗುತ್ತದೆ. ಸೊಳ್ಳೆಪರದೆಯಲ್ಲಿ ಎರಡು ತೂತು, ಸೇಫ್ಟಿಪಿನ್ ಒಯ್ಯಿರಿ. ಮಂಚ ಮಗ್ಗುಲು ಬದಲಿಸಿದಾಗಲೆಲ್ಲ ಕಿರ್ ಅನ್ನುತ್ತದೆ. ಅತ್ತೆ ಎರಡನೇ ರಾತ್ರಿ ಕೆಳಗೆ ಚಾಪೆಗೆ ಬಂದರು. ಕಾರ್ಡು ತಗೊಳ್ಳುವುದಿಲ್ಲ, ಮೊಬೈಲ್ ಪೇಮೆಂಟ್ ಆಗುತ್ತದೆ, ನೆಟ್‌ವರ್ಕ್ ಇದ್ದರೆ. ನನ್ನ ಕೇಳಿದರೆ ಪಕ್ಕದ 3,200ರ ರೂಮೇ ವಾಸಿ, ಚಿಪ್ಪಿನ ಕಿಟಕಿ ಅದಕ್ಕೆ ಇನ್ನೊಂದು ಜಾಸ್ತಿ ಇದೆ.

ಎರಡು ವಾರದ ಮೇಲೆ ಆಂಟಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಹಳೇ ಬೋರ್ಡು ತೆಗೆದಿದ್ದಾರೆ. ಹೊಸದು ಹಾಕಿದ್ದಾರೆ: ರಾಜನ ಚಿಕ್ಕಪ್ಪ ಮಲಗಿದ ಮಂಚ, 1895. ಬಾಡಿಗೆ ಈಗ 4,800.